ಸುಚಿತಾಳ ಹೆಜ್ಜೆಗಳಿಗೆ ಹಾಕಿದ ಸೊನ್ನೆ

ಸುಚಿತಾ, ನಿನ್ನ ಪ್ರಾಜೆಕ್ಟ್ ಕಾಪಿಯಲ್ಲ ಎಂದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೇ ಸೊನ್ನೆ ಹಾಕಿದೆ.

ನೀನಾಗ ಒಂಬತ್ತನೆಯ ತರಗತಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಉರ್ವದಲ್ಲಿ ಬಸ್ಸಿಳಿದು ಮನೆಗೆ ವಾಪಸ್ ಓಡುವ ನಾನು, ಭೂಮಿ ಬಿಸಿಯಾಗುವ ಪಾಠ ಮಾಡಲೆಂದೇ ಹುಟ್ಟಿದವನು ಎಂದುಕೊಂಡಿದ್ದೆ. ಇಂಗಾಲ ತಗ್ಗಿಸುವುದು ಒಂದು ಕಡೆ, ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವುದು ಇನ್ನೊಂದು ಕಡೆ — ಬೋರ್ಡಿನ ಮೇಲೆ ಗೆರೆ ಎಳೆದು, ಎರಡನೆಯದರ ಕೆಳಗೆ ‘ತಡೆಗೋಡೆ’ ಎಂದು ಬರೆದೆ. ನೀನು ಎದ್ದು ನಿಂತೆ.

“ಕಲ್ಲು ಹಾಕಿದಲ್ಲಿ ಕಡಲು ನಿಲ್ತದೆ ಸರ್. ಮತ್ತೆ ಪಕ್ಕದ ಮನೆ ತಿನ್ತದೆ. ನಮ್ಮದು ಪಕ್ಕದ ಮನೆ.”

ತರಗತಿ ನಕ್ಕಿತು. ನಕ್ಕದ್ದು ನಿನ್ನ ಮಾತಿಗೋ, ನನ್ನ ಮುಖಕ್ಕೋ — ಇವತ್ತಿಗೂ…

ಆಮೇಲೆ ಪ್ರಾಜೆಕ್ಟ್ ಬಂತು. ಉಳಿದವರೆಲ್ಲ ಸ್ಟೇಷನರಿ ಅಂಗಡಿಯಲ್ಲಿ ಮಾಡಿಸಿದ ಅದೇ ಗಾಳಿಯಂತ್ರ, ಅದೇ ಪ್ರಿಂಟು ತಂದರು. ಒಂದರಲ್ಲಿ ಬೇರೆ ಶಾಲೆಯ ಹೆಸರೇ ಉಳಿದಿತ್ತು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ನೀನೊಬ್ಬಳೇ ಕೈಯಲ್ಲಿ ಬರೆದಿದ್ದೆ — ಪ್ರತಿ ಅಮಾವಾಸ್ಯೆಗೆ ಅಡುಗೆಮನೆ ಬಾಗಿಲಿಂದ ನೀರಿಗೆ ಎಷ್ಟು ಹೆಜ್ಜೆ, ಅಜ್ಜಿ ಒಲೆಯನ್ನು ಹಿಂದಕ್ಕೆ ಸರಿಸಿದ್ದು ಯಾವಾಗ, ಅಪ್ಪ ಬಲೆ ಬಿಡುವ ಜಾಗ ಎಷ್ಟು ದೂರ ಹೋಯಿತು. ಓದುತ್ತ ಕಲಿತೆ. ಕಲಿತೆನೆಂದೇ ಸಿಟ್ಟು ಬಂತು. ಕೆಂಪು ಪೆನ್ನಲ್ಲಿ ‘ಕಾಪಿ’ ಎಂದು ಗೀಚಿದೆ.

ನಿನ್ನ ಅಮ್ಮ ಆ ದಿನದ ಮೀನಿನ ವ್ಯಾಪಾರ ಬಿಟ್ಟು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಬಂದರು.

“ಎಂತ ಮಾಸ್ಟ್ರೇ, ಕಾಪಿ ಹೊಡೆದದ್ದು ಎಲ್ಲಿಂದ? ನಮ್ಮ ಅಂಗಳದಿಂದಲಾ?”

ನಾನು ಅವರ ಕಡೆ ನೋಡಲಿಲ್ಲ. “ನೆಟ್‌ನಿಂದ ಇಳಿಸಿದ್ದು ಮೇಡಂ. ನಾನೇ ನೋಡಿದ್ದೇನೆ.”

“ಹಾಗಾದ್ರೆ ಬಂದು ಹೆಜ್ಜೆ ಎಣಿಸಿ ಮಾರಾಯ್ರೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡ್ರೆ ಆಯ್ತು.”

ಪುರುಸೊತ್ತಿಲ್ಲ ಎಂದೆ. ಮನೆಗೆ ಹೋಗಿ ಮಲಗಿದೆ.

ಜಿಲ್ಲಾ ವಿಜ್ಞಾನ ಸ್ಪರ್ಧೆಗೆ ನಿನ್ನನ್ನು ಕಳಿಸಬೇಕೆಂದಿದ್ದ ಮೇಡಂ, ನನ್ನ ಆ ಒಂದು ಮಾತು ನಂಬಿ ನಿನ್ನ ಹೆಸರು ಹೊಡೆದುಹಾಕಿದರು. ನಿನ್ನ ಬದಲು ಅಂಗಡಿಯ ಗಾಳಿಯಂತ್ರ ಸ್ಪರ್ಧೆಗೆ ಹೋಯಿತು. ನೀನು ಅಳಲಿಲ್ಲ — ಅತ್ತಿದ್ದರೆ ಬಹುಶಃ ನಾನು… ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಮತ್ತೆ ನೀನು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಲೂ ಇಲ್ಲ.

ಕಳೆದ ವಾರ ಬಿಜೈಯ ಬಟ್ಟೆ ಅಂಗಡಿಯಲ್ಲಿ ನನಗೆ ಬಿಲ್ ಮಾಡಿದವಳು ನೀನು. ನಾನು ಹಲ್ಲು ಬಿಟ್ಟು ಕೇಳಿದೆ: “ಗುರ್ತ ಸಿಕ್ಕಿತಾ? ಮನೆಯಲ್ಲಿ ಹೇಗುಂಟು?”

“ಸಿಕ್ಕಿತು. ಯಾವ ಮನೆ?” ಎಂದೆ ನೀನು. ನನ್ನ ಹಿಂದೆ ನಿಂತಿದ್ದವರಿಗೆ, “ಬನ್ನಿ ಮೇಡಂ.”

ಸುಳ್ಳು ಹೇಳಿದವನು ನಾನು ಎಂದು ಶಾಲೆಗೆ ಲಿಖಿತವಾಗಿ ಕೊಟ್ಟಿದ್ದೇನೆ. ನಾಳೆ ಅದೇ ಪಾಠ. ಮಕ್ಕಳೆದುರು ಇದನ್ನೂ ಹೇಳುತ್ತೇನೆ. ನಿನ್ನ ಬಳಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂದು ನೀನು ಯೋಚಿಸಬೇಕಾಗುತ್ತದೆ — ನಿನಗೆ ಇನ್ನೊಂದು ಹೋಮ್‌ವರ್ಕ್ ಕೊಡುವ ಹಕ್ಕು ಈ ಮೇಷ್ಟ್ರಿಗಿಲ್ಲ.