ಒಲೆಯ ಮೇಲೆ ಕಟ್ಟಿದ ಗಿಟಾರು

ಗಿಟಾರನ್ನು ಒಲೆಯ ಮೇಲೆ ನೇತುಹಾಕಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೇ ಅನ್ನುವುದು ಬೇರೆ ಮಾತು.

ಅದು ನನ್ನ ಮಗಳ ಮಗಳದ್ದು. ಮದ್ದೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಹಳ್ಳಿಯಿಂದ ಬಸ್ಸು ಹತ್ತಿರವೆಂದು ನನ್ನ ಜೊತೆಯಲ್ಲೇ ಇರುತ್ತಾಳೆ. ಗಿಟಾರು ಅಂದರೆ ಕರೆಂಟಿನದ್ದು, ಕೆಂಪು ಬಣ್ಣದ್ದು, ಮಣೆಯಂತೆ ಚಪ್ಪಟೆ. ವೈರು ಸಿಕ್ಕಿಸಿದರೆ ಊರಿಗೆಲ್ಲ ಕೇಳುತ್ತದೆ, ಸಿಕ್ಕಿಸದಿದ್ದರೆ ಸೊಳ್ಳೆಯಷ್ಟು ಸದ್ದು. ಕರೆಂಟು ಹೋಗಲಿ ಎಂದು ನಾನು ದೇವರಿಗೆ ಕೈ ಮುಗಿದ ದಿನಗಳೂ ಉಂಟು.

ನನ್ನ ಮಗಳು ಮಂಡ್ಯದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಈ ಹುಡುಗಿ ತಾಯಿಯ ಆರೈಕೆಗೆಂದು ಒಂದೂವರೆ ತಿಂಗಳು ಅಲ್ಲಿ ಹೋಗಿ ಇದ್ದಳು. ಹೊರಡುವಾಗ, "ಅಜ್ಜಿ, ಗಿಟಾರ್ ತಂಟೆಗೆ ಓಗ್ಬ್ಯಾಡ" ಅಂದಳು. ನಾನೂ ಹೋಗಲಿಲ್ಲ, ಗೆದ್ದಲು ಬರುವ ತನಕ. ಗೆದ್ದಲು ಗಿಟಾರು ಒರಗಿಸಿಟ್ಟಿದ್ದ ಗೋಡೆಯ ದೇವರ ಪಟದ ಕಟ್ಟು ತಿಂದು ದೇವರ ಮಂಡಿಯವರೆಗೆ ಏರಿತ್ತು. ತನ್ನ ಕಟ್ಟನ್ನೇ ಕಾಯ್ದುಕೊಳ್ಳಲಾಗದವನು ಪಕ್ಕದಲ್ಲಿರುವ ಗಿಟಾರು ಕಾಯುತ್ತಾನೆಯೇ?

ನಮ್ಮಲ್ಲಿ ಮರದ ಸಾಮಾನಿಗೆ ಒಲೆಯ ಮೇಲಿನ ತೊಲೆಯೇ ಬ್ಯಾಂಕಿನ ಲಾಕರು. ಗ್ಯಾಸು ಬಂದು ಎಷ್ಟೋ ವರ್ಷವಾದರೂ ಮುದ್ದೆಗೆ ನಾನು ಸೌದೆ ಒಲೆಯನ್ನೇ ಹಚ್ಚುವುದು. ನೊಗ, ಗುದ್ದಲಿ ಕಾವು, ಒನಕೆ ಎಲ್ಲ ಆ ಹೊಗೆ ಕುಡಿದೇ ಗಟ್ಟಿಯಾದವು. ಯಾವುದನ್ನೂ ಹುಳ ಮೂಸಲಿಲ್ಲ. ಜೊತೆಗೆ, ಕೆಲಸವಿಲ್ಲದ ನೊಗವನ್ನು ಹಗ್ಗ ಬಿಗಿದಿಟ್ಟು ನೇತುಹಾಕಬಾರದು, ಮರಕ್ಕೂ ಬಿಡುವು ಬೇಕು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಅದರಂತೆ ಗಿಟಾರಿನ ಆರು ಕಿವಿ ತಿರುಗಿಸಿ ಆರು ತಂತಿಯನ್ನೂ ಸಡಿಲ ಮಾಡಿದೆ. ಅದರದೇ ಚೀಲದೊಳಗಿಟ್ಟು ತೊಲೆಗೆ ಕಟ್ಟಿದೆ. ಅಚ್ಚುಕಟ್ಟಾದ ಕೆಲಸ.

ಅವಳು ಬರುವ ದಿನ ಬೆಳಿಗ್ಗೆ ಇಳಿಸಿ, ಚೀಲ ಒದರಿ, ಮೊದಲಿದ್ದ ಜಾಗದಲ್ಲೇ ಇಟ್ಟೆ. ಬಂದವಳೇ ಜಿಪ್ಪು ಎಳೆದು ಮೂಗು ಮುಚ್ಚಿಕೊಂಡಳು.

"ಅಜ್ಜಿ, ಇದ್ಯಾಕೆ ಒಗೆ ನಾತ ಒಡೀತದೆ?"

"ಸಾಂಬ್ರಾಣಿ ಆಕಿದ್ದೆ ಕಣಮ್ಮಿ."

"ಗಿಟಾರ್ಗಾ?"

"ನಿನ್ ವಿದ್ಯೆ ಅಲ್ವಾ? ದೇವ್ರ ಸಮಾನ."

"ತಂತಿ ಎಲ್ಲಾ ಸಡ್ಲ ಆಗವೆ?"

"ನೀನಿಲ್ಲ ಅಂತ ಬ್ಯಾಸರ ಆಗಿರ್ಬೇಕು."

ಅವಳು ತಂತಿ ಬಿಗಿದು ನುಡಿಸಿದಳು. ಜಿರ್‍ರ್ ಅಂತು. ಒಂದೊಂದು ಸ್ವರದ ಹಿಂದೆಯೂ ತಗಡಿನ ಡಬ್ಬದಲ್ಲಿ ಜೀರುಂಡೆ ಬಿದ್ದ ಹಾಗೆ ಸದ್ದು. ಗಿಟಾರಿನ ಕತ್ತಿನ ಮೇಲೆ ಏಣಿಯ ಮೆಟ್ಟಿಲಿನಂತೆ ಲೋಹದ ಕಂಬಿಗಳಿರುತ್ತವೆ, ಫ್ರೆಟ್ಟು ಅನ್ನುತ್ತಾರೆ. ತಂತಿ ಅವುಗಳಿಗೆ ಉಜ್ಜಿ ಆ ಸದ್ದು ಬರುತ್ತಿತ್ತು.

ಅಂದು ಶುಕ್ರವಾರ. ಭಾನುವಾರ ಮಳವಳ್ಳಿಯಲ್ಲಿ ಆರ್ಕೆಸ್ಟ್ರಾದವರು ಅವಳಿಂದ ನುಡಿಸಿ ನೋಡಲು ಕರೆದಿದ್ದರು. ಅವರ ಗಿಟಾರಿನವನು ಬಿಟ್ಟುಹೋಗಿದ್ದ. ಆ ಒಂದು ಜಾಗಕ್ಕೆ ಇವಳೂ ಇನ್ನೊಬ್ಬನೂ ಬರಬೇಕಿತ್ತು. ಇದಕ್ಕೂ ಮೊದಲು ಇವಳು ಕೇಳಿಕೊಂಡು ಹೋದ ಕಡೆಯಲ್ಲೆಲ್ಲ, ಹೆಣ್ಣುಮಗಳಲ್ಲವಾ ಹಾಡು ಹೇಳು ಅಂದಿದ್ದರು. ಇವಳು ಹಾಡಿದರೆ ಬಂಡೂರು ಕುರಿಯೂ ಮೇವು ಬಿಟ್ಟು ಓಡುತ್ತದೆ. ನುಡಿಸಲು ಬಾ ಎಂದು ಕರೆದವರು ಇವರೊಬ್ಬರೇ.

ಅವಳು ಅತ್ತಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅಳಲಿಲ್ಲ. ಗಿಟಾರನ್ನು ಮಂಚದ ಮೇಲಿಟ್ಟು, "ಬುಡು, ನಾನು ಓಗಾಕಿಲ್ಲ" ಅಂದಳು. ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟಳು. ಮುದ್ದೆ ಬಿಡುವ ಜಾತಿಯಲ್ಲ ಅದು.

"ಮಂಡ್ಯದಲ್ಲಿ ರಿಪೇರಿಯವ್ನು ಇಲ್ವಾ? ನಡಿ, ನಾನೂ ಬತ್ತೀನಿ" ಅಂದೆ.

ಶನಿವಾರ ಹೋದೆವು. ರಿಪೇರಿಯವನು ಹಾರ್ಮೋನಿಯಂಗಳ ನಡುವೆ ಕೂತಿದ್ದ, ಐವತ್ತರ ಆಸುಪಾಸಿನ ಮನುಷ್ಯ. ಮೊದಲು ತಂತಿಗಳ ಬುಡದ ಸಣ್ಣ ಸ್ಕ್ರೂಗಳನ್ನು ತಿರುಗಿಸಿ ಆರನ್ನೂ ಮೇಲೆತ್ತಿದ. ಸದ್ದು ಅರ್ಧ ನಿಂತಿತು. ಆದರೆ ತಂತಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಹುಡುಗಿ ಒತ್ತಲಾಗದೆ ಬೆರಳು ಕೊಡವಿದಳು.

"ಇಂಗಾದ್ರೆ ಕತ್ತು ಬಗ್ಗದೆ ಅಂತ ಅರ್ಥ" ಅಂದ ಅವನು. "ಒಳ್ಗಡೆ ಒಂದು ಕಬ್ಬುಣದ ಸಲಾಕೆ ಇರ್ತದೆ ತಾಯಿ. ತಂತಿ ಮುಂದಕ್ಕೆ ಎಳೀತವೆ, ಸಲಾಕೆ ಇಂದಕ್ಕೆ ಎಳೀತದೆ. ಎಲ್ಲಾ ಗಿಟಾರೂ ತಂತಿ ಎಳ್ದೂ ಎಳ್ದೂ ಮುಂದಕ್ಕೇ ಬಗ್ಗೋದು. ಸಲಾಕೆ ಬಿಗಿ ಮಾಡಿದ್ರೆ ನೆಟ್ಟಗಾಯ್ತದೆ."

ಬಗ್ಗಿದ ಮೊಳೆಯಂತಿದ್ದ ಒಂದು ಚಾವಿ ತೆಗೆದು ಕತ್ತಿನ ತುದಿಯ ತೂತಿಗೆ ತೂರಿಸಿದ.

"ವಸಿ ಕೊಡಪ್ಪ ಇಲ್ಲಿ" ಎಂದು ನಾನು ಗಿಟಾರು ಕಿತ್ತುಕೊಂಡೆ. ಎತ್ತಿನ ಗಾಡಿಯ ಮೂಕಿಮರ ನೆಟ್ಟಗಿದೆಯೇ ಎಂದು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ಕತ್ತಿನ ಉದ್ದಕ್ಕೂ ನೋಡಿದೆ. ಮುಂದಕ್ಕೆಲ್ಲಿ ಬಗ್ಗಿತ್ತು? ನಡುವೆ ಉಬ್ಬಿತ್ತು, ಎರಡು ತುದಿ ಹಿಂದಕ್ಕೆ ಹೋಗಿದ್ದವು.

"ಇದು ಇಂದಕ್ಕೆ ಬಗ್ಗದೆ. ಗೂನು."

ಅವನು ನಕ್ಕ. "ಅಜ್ಜೀ, ನೀವೇನು ಗಾಡಿ ಕೆಲ್ಸ ಮಾಡ್ತಿದ್ರಾ?"

"ನಾನ್ಯಾಕೆ ಮಾಡ್ಲಿ? ಮಾಡೋನ ಪಕ್ಕ ನಿಂತ್ಕಂಡು ಬಯ್ತಿದ್ದೆ."

"ಅಂಗೆಲ್ಲ ಸುಮ್ಸುಮ್ನೆ ಇಂದಕ್ಕೆ ಬಗ್ಗಾಕಿಲ್ಲ ಅಜ್ಜಿ. ಕೊಡಿ ಇತ್ಲಾಗೆ" ಎಂದು ಇಸಿದುಕೊಂಡು ಮತ್ತೆ ಚಾವಿ ತೂರಿಸಿದ. ತಿರುಗಿಸಲು ಕೈ ಬಿಗಿ ಮಾಡಿದ. ಮೊಮ್ಮಗಳು ಹತ್ತಿರ ಬಗ್ಗಿ, "ನೋಡ್ಕಂಡು ಅಣ್ಣ, ಸಲಾಕೆ ಮುರಿದ್ರೆ ಗಿಟಾರೇ ಓಯ್ತದೆ" ಅಂದಳು.

ನನಗೆ ಆಗ ಎರಡೇ ದಾರಿ. ಮರ್ಯಾದೆ ಉಳಿಸಿಕೊಳ್ಳಬೇಕು, ಇಲ್ಲವೇ ಗಿಟಾರು. ಈ ವಯಸ್ಸಿಗೆ ಮರ್ಯಾದೆ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಲೇ?

"ನಿಲ್ಸಪ್ಪ" ಅಂದೆ. "ಅದ್ನ ಒಂದೂವರೆ ತಿಂಗ್ಳು ಒಲೆ ಮ್ಯಾಲೆ ಕಟ್ಟಿದ್ದೆ. ತಂತಿ ಸಡ್ಲ ಮಾಡಿದ್ದೂ ನಾನೇಯ."

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಸಾಂಬ್ರಾಣಿ?"

"ಸಾಂಬ್ರಾಣಿನೂ ಇಲ್ಲ, ಗೀಂಬ್ರಾಣಿನೂ ಇಲ್ಲ. ಉಳ ತಿಂತದೆ ಅಂತ ಕಟ್ಟಿದ್ದೆ."

"ಒಲೆ ಮ್ಯಾಲೆ ಕಟ್ಟಾಕೆ ಅದೇನ್ ಕುಂಬ್ಳಕಾಯಾ?"

"ಕುಂಬ್ಳಕಾಯಿ ಆಗಿದ್ರೆ ಸಾರಾದ್ರೂ ಆಗೋದು."

ರಿಪೇರಿಯವನು ಚಾವಿ ಹೊರಗೆ ತೆಗೆದು ಹಣೆ ಒರೆಸಿಕೊಂಡ. ಆಮೇಲೆ ಅವನೂ ಒಂದು ಕಣ್ಣು ಮುಚ್ಚಿ ನೋಡಿದ. "ಅಜ್ಜಿ ಯೋಳಿದ್ದು ನಿಜ ಕಣವ್ವ. ಜೋಡಿ ಎತ್ತಲ್ಲಿ ಒಂದ್ನ ಬಿಚ್ಚಿ ಕಳ್ಸಿದ್ರೆ ಇನ್ನೊಂದು ಗಾಡೀನ ಚರಂಡಿಗೆ ಎಳ್ಕಂಡು ಓಗದಿಲ್ವಾ, ಅಂಗಾಗದೆ. ತಂತಿ ಸಡ್ಲ, ಸಲಾಕೆ ಬಿಗಿ. ಮ್ಯಾಲಿಂದ ಒಲೆ ಕಾವು ಬ್ಯಾರೆ. ಇನ್ನೂ ಬಿಗಿ ಮಾಡಿದ್ದಿದ್ರೆ ಸಲಾಕೆ ಪಟ್ ಅಂತಿತ್ತು."

ಈಗ ಚಾವಿಯನ್ನು ಇನ್ನೊಂದು ದಿಕ್ಕಿಗೆ ಕಾಲು ಸುತ್ತು ತಿರುಗಿಸಿದ. ಚಹಾ ಕುಡಿದ. ಇನ್ನೊಂದು ಕಾಲು ಸುತ್ತು. ತಂತಿಯನ್ನು ಮೊದಲ ಕಂಬಿಯ ಹತ್ತಿರವೂ ಕೊನೆಯ ಕಂಬಿಯ ಹತ್ತಿರವೂ ಒತ್ತಿ ಹಿಡಿ ಎಂದು ಹುಡುಗಿಗೆ ಹೇಳಿ, ನಮ್ಮ ಬಸ್ಸಿನ ಚೀಟಿಯನ್ನು ಒಂದು ಮಡಿಕೆ ಮಡಿಸಿ ನಡುವೆ ತೂರಿಸಿದ. ಚೀಟಿ ತಂತಿಗೆ ತಾಗಿಯೂ ತಾಗದಂತೆ ನುಸುಳಿತು. ಅಷ್ಟೇ ಸಂದು ಇರಬೇಕಂತೆ. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಮೇಲೆತ್ತಿದ ತಂತಿಗಳನ್ನು ಮತ್ತೆ ಇಳಿಸಿದ. ಜೀರುಂಡೆ ಸತ್ತಿತು. ದಪ್ಪ ತಂತಿಯಲ್ಲಿ ಮಾತ್ರ ಒಂದಿಷ್ಟು ಗೊರಕೆ ಉಳಿಯಿತು.

"ಮರ ಸಾವ್ಕಾಸವಾಗಿ ನೆಟ್ಟಗಾಯ್ತದೆ, ಒಂದು ವಾರ ಬೇಕು. ಈ ಗೊರಕೇನ ಸ್ಪೀಕರ್ ಎತ್ಕಳಾಕಿಲ್ಲ, ಎದರ್ಬ್ಯಾಡ" ಅಂದ.

ಬಸ್ಸಿನಲ್ಲಿ ಮೊಮ್ಮಗಳು ಗಿಟಾರನ್ನು ಕಿಟಕಿಯ ಕಡೆ ಕೂರಿಸಿ, ತಾನು ನಡುವೆ ಕೂತು, ನನ್ನನ್ನು ತುದಿಗೆ ತಳ್ಳಿದಳು. ಮದ್ದೂರು ದಾಟಿತು. ಆಮೇಲೆ, "ಯಾಕೆ ಒಪ್ಕಂಡೆ? ಸುಮ್ನಿದ್ದಿದ್ರೆ ತಪ್ಪು ಅವ್ನ ಮ್ಯಾಲೆ ಓಗೋದು" ಅಂದಳು.

"ಅವನು ಮುರೀತಿದ್ದ."

"ಮುರೀಲಿ ಅಂತ ಇತ್ತಲ್ಲ ನಿಂಗೆ. ಸದ್ದು ನಿಲ್ಲೋದು."

"ಇತ್ತು" ಅಂದೆ. "ಆದ್ರೆ ನೀನು ಮುದ್ದೆ ಬುಟ್ಟೆ."

ಭಾನುವಾರ ಮಳವಳ್ಳಿಗೂ ಹೋದೆ, ಬೇಡವೆಂದರೂ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಆರ್ಕೆಸ್ಟ್ರಾದ ಯಜಮಾನ ಎರಡೂ ಗಿಟಾರು ಕೇಳಿದ. ರಿಪೇರಿಯವನು ಹೇಳಿದ್ದು ನಿಜ, ಆ ಗೊರಕೆ ಸ್ಪೀಕರಿಗೆ ಏರಲಿಲ್ಲ. ಇನ್ನೊಬ್ಬ ಹುಡುಗ ಇವಳಿಗಿಂತ ಜೋರಾಗಿ ನುಡಿಸಿದ, ಆದರೆ ಹಾಡುವವರಿಗೆ ಜಾಗ ಬಿಡಲಿಲ್ಲ. ಯಜಮಾನ ಇವಳಿಗೆ, "ಬರೋ ಶುಕ್ರವಾರ ಮದ್ದೂರಲ್ಲಿ ಆರತಕ್ಷತೆ ಅದೆ, ಬಂದ್ಬುಡಮ್ಮ" ಅಂದ. ಹಿಂದೆಯೇ, "ಅಜ್ಜೀನ ಕರ್ಕಬರ್ಬ್ಯಾಡ" ಅಂತಲೂ ಸೇರಿಸಿದ. ನಾನು ನಡುವೆ ಬಾಯಿ ಹಾಕಿ, ಆ ಹುಡುಗನ ಡಬಡಬ ಸಾಕು ನಿಲ್ಲಿಸಲಾ ಅಂದಿದ್ದೆ.

ಶುಕ್ರವಾರ ಹೋದೆ. ಮದುಮಗಳು ಯಾರೋ ನನಗೆ ಗೊತ್ತಿಲ್ಲ, ಊಟ ಚೆನ್ನಾಗಿತ್ತು. ವೇದಿಕೆಯ ಮೇಲೆ ನಮ್ಮ ಹುಡುಗಿ ಕೆಂಪು ಗಿಟಾರು ತಗುಲಿಸಿಕೊಂಡು ನಿಂತಿದ್ದಳು. ಎಲ್ಲಿ ಜಿರ್ ಅನ್ನುತ್ತದೋ ಎಂದು ಪಾಯಸ ಬಿಟ್ಟು ಕಿವಿಗೊಟ್ಟೆ. ಜಿರ್ ಇಲ್ಲ. ಇನ್ನೂ ಕಿವಿಗೊಟ್ಟೆ. ಡ್ರಮ್ಮು ಬಡಿಯುವವನ ಗಲಾಟೆಯಲ್ಲಿ ಗಿಟಾರೇ ಕೇಳಿಸಲಿಲ್ಲ.