ಕಾರ್ಡು ಕಾದ ಕಾಕಿ

ಕಾಕಿಯ ಬೆರಳುಗಳೆಲ್ಲ ಬಾಳೆಯ ಸೊನೆ ಹತ್ತಿ ಕಪ್ಪಾಗಿದ್ದವು, ಬಲಗೈ ಹೆಬ್ಬೆರಳೊಂದನ್ನು ಬಿಟ್ಟು. ಅದಕ್ಕೆ ದಿನಾ ಕೊಬ್ಬರಿ ಎಣ್ಣೆ ಸವರಿ, ಹಳೆಯ ಸೀರೆಯ ಚಿಂದಿ ಸುತ್ತಿಕೊಂಡೇ ಗೊನೆ ಮುಟ್ಟುತ್ತಿದ್ದಳು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವವರಲ್ಲಿ ಇಂಥ ಶೃಂಗಾರ ಇನ್ಯಾರಿಗೂ ಇರಲಿಲ್ಲ.

"ಏನ್ ಕಾಕಿ, ಹೆಬ್ಬಟ್ಟಿಂದು ಮದಿವಿ ಅದ ಏನು?" ಎಂದು ಕಾಡಿಸುತ್ತಿದ್ದೆ.

"ನಗು, ನಗು. ರೇಷನ್ ಅಂಗಡ್ಯಾಗಿನ ಮಷಿನ್ ಇದನ್ನ ಒಲ್ಲೆ ಅಂದ್ರ ನಿಮ್ಮ ಕಾಕಾಗ ಯಾರು ದಿಕ್ಕು?"

ಕಾಕಿ ಸಂಬಂಧಿಯಲ್ಲ, ಕಮಲಾಪುರದಲ್ಲಿ ನಾನು ಬೆಳೆದ ಮನೆಯ ಪಕ್ಕದವಳು. ಅವ್ವ ತೀರಿಹೋದ ಮೇಲೆ ನನಗೆ ಉಣಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದವಳು. ಕಾಕಾನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಕಲಬುರಗಿಗೆ ಬಂದು ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್. ಬಿಪಿಎಲ್ ಕಾರ್ಡು ಇದ್ದುದರಿಂದ ಪುಕ್ಕಟೆ. ಆ ಕಾರ್ಡಿನಲ್ಲಿ ಮನೆಯ ಯಜಮಾನತಿ ಅಂತ ಇದ್ದದ್ದು ಕಾಕಿಯ ಹೆಸರು, ಕಾಕಿಯ ಫೋಟೊ. ಕಾಕಾನ ಜೀವ ಅದರ ಮೇಲೆ ನಿಂತಿತ್ತು.

ಡಯಾಲಿಸಿಸ್ ಮುಗಿಸಿ ಇಬ್ಬರೂ ಕಲಬುರಗಿಯಲ್ಲೇ ಐವಾನ್-ಎ-ಶಾಹಿ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನಾನು ಶಾಲೆಯಲ್ಲಿ ಕಲಿಸುವವಳು, ಚಟ ಎಲ್ಲಿ ಹೋಗುತ್ತದೆ? ಒಂದು ದಿನ ಉಣ್ಣುವಾಗ ಹೇಳಿದೆ: "ಕಾಕಿ, ನೀ ಮೈಗಿ ಹಚ್ಚೋ ಸಬಕಾರ ತಗೋ, ಚಪ್ಪಲ್ ತಗೋ, ಅದ್ರಾಗ ಟ್ಯಾಕ್ಸ್ ಇರ್ತದ. ಸಾವ್ಕಾರ ಒಂದು ಸಬಕಾರಕ್ಕ ಎಷ್ಟು ಕೊಡ್ತಾನೋ ನೀನೂ ಅಷ್ಟೇ ಕೊಡ್ತಿ."

ಸಿಟ್ಟಾದಾಳು ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿತು. ಎದ್ದುಹೋಗಿ ಬಾಗಿಲು ಹಾಕಿ ಬಂದಳು. "ಬಾಯಿ ಮುಚ್ಚು ಮಗಳ! ನಾ ಟ್ಯಾಕ್ಸ್ ಕಟ್ತೀನಂತ ಆಫೀಸಿನವ್ರ ಕಿವಿಗಿ ಬಿದ್ರ ಕಾರ್ಡ್ ರದ್ದು ಮಾಡ್ತಾರ." ನಾನು ಬಿದ್ದು ಬಿದ್ದು ನಕ್ಕೆ.

ನಗುವ ಮಾತಾಗಿರಲಿಲ್ಲ. ತಳ್ಳುಗಾಡಿ ಬಿಟ್ಟು ಸಣ್ಣದೊಂದು ಅಂಗಡಿ ಹಾಕಬೇಕೆಂದು ಅವಳು ಸಾಲಕ್ಕೆ ಓಡಾಡುತ್ತಿದ್ದಾಗ ಏಜೆಂಟನೊಬ್ಬ, "ರಿಟರ್ನ್ ತುಂಬಿದ್ರ ಲಗೂನ ಸಾಲ ಆಗ್ತದ್ರಿ, ರೊಕ್ಕ ಏನೂ ಕಟ್ಟೋದಿಲ್ಲ" ಎಂದು ಅವಳ ಹೆಸರಿನಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬಿಸಿದ್ದ. ಸಾಲವಂತೂ ಬರಲಿಲ್ಲ. ಮರುವರ್ಷ ರೇಷನ್ ಅಂಗಡಿಯ ಮಷಿನ್ ಅವಳ ಬೆರಳನ್ನು ಒಪ್ಪಿತು, ಕಾರ್ಡನ್ನು ಒಪ್ಪಲಿಲ್ಲ. "ನೀವು ಇನ್‌ಕಮ್ ಟ್ಯಾಕ್ಸ್‌ನವ್ರು ಅಂತ ಬಂದದ್ರಿ, ಕಾರ್ಡ್ ರದ್ದಾಗ್ಯದ." ಪೈಸೆಯೂ ಕಟ್ಟದ ಒಂದು ರಿಟರ್ನ್ ಅವಳನ್ನು ಸಾಹುಕಾರರ ಸಾಲಿಗೆ ನೂಕಿತ್ತು. ಸಾಬೂನಿನಲ್ಲಿ ಕಟ್ಟಿದ ತೆರಿಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಕಚೇರಿಯಿಂದ ಕಚೇರಿಗೆ ಅವಳ ಜೊತೆ ಅಲೆದೆ. ಕಾರ್ಡು ರದ್ದಾದ ಸುದ್ದಿ ಆಸ್ಪತ್ರೆಗೆ ಇನ್ನೂ ಮುಟ್ಟಿರಲಿಲ್ಲ, ಡಯಾಲಿಸಿಸ್ ನಡೆದಿತ್ತು. ಕೌಂಟರಿನ ಹುಡುಗಿ ಕಾರ್ಡು ನೋಡುವಾಗಲೆಲ್ಲ ಕಾಕಿ ನನ್ನ ಮುಂಗೈ ಹಿಡಿಯುತ್ತಿದ್ದಳು, ಉಗುರು ಊರುವ ಹಾಗೆ. ಕೊನೆಗೆ ಕಾರ್ಡು ಮತ್ತೆ ಚಾಲ್ತಿಗೆ ಬಂತು. ಹೆದರಿಕೆ ಹೋಗಲಿಲ್ಲ. ಓಣಿಯಲ್ಲಿ ಜೀಪು ನಿಂತರೆ ಸಾಕು, ಟೇಬಲ್ ಫ್ಯಾನಿನ ಮೇಲೆ ಚಾದರ ಹೊದಿಸುತ್ತಿದ್ದಳು. ನಾನು ಕೊಟ್ಟ ಹೊಸ ಸೀರೆ ಉಡಲೇ ಇಲ್ಲ. "ಬಡವಿ ಹಂಗ ಕಾಣಬೇಕವ್ವಾ" ಅನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅವಳಿಗೇ ಎದೆನೋವು ಶುರುವಾಯಿತು. ಅದೇ ಆಸ್ಪತ್ರೆಗೆ ತೋರಿಸೋಣ ಬಾ ಎಂದು ಗೋಗರೆದೆ, ಬೈದೆ.

"ಒಂದ ಕಾರ್ಡಿನ ಮ್ಯಾಲ ಇಬ್ರು ಬಿದ್ದಾರಂದ್ರ ಮತ್ತ ತಪಾಸ್ ಮಾಡ್ತಾರ. ನಿಮ್ಮ ಕಾಕಾಂದು ನಿಲ್ಲಿಸಿದ್ರ ಏನ್ ಮಾಡ್ಲಿ? ಅಜವಾನದ ನೀರ್ ಕುಡಿದೀನಿ, ಹೋಗ್ತದ ತಗೋ."

ಹಾಗೇನೂ ಇಲ್ಲವೆಂದು ಆಣೆ ಮಾಡಿದೆ. ನಂಬಲಿಲ್ಲ. ಯಾಕೆ ನಂಬಬೇಕಿತ್ತು, ಹೇಳಿ? ಒಂದು ಮಧ್ಯಾಹ್ನ ಗಾಡಿಯ ಪಕ್ಕದಲ್ಲೇ ಕುಸಿದಳು, ಮತ್ತೆ ಏಳಲಿಲ್ಲ. ಮೈ ತೊಳೆಯುವಾಗ ಹೆಬ್ಬೆರಳಿನ ಚಿಂದಿ ಬಿಚ್ಚಿದವಳು ನಾನು. ಬೆರಳು ಮೆತ್ತಗಿತ್ತು, ಎಳೆಗೂಸಿನ ಬೆರಳಿನ ಹಾಗೆ.

ಕಾರ್ಡಿನಲ್ಲಿ ಯಜಮಾನತಿ ಇನ್ನೂ ಅವಳೇ. ಹೆಸರು ತೆಗೆಸಲು ಅರ್ಜಿ ಕೊಡಬೇಕು. ಕೊಟ್ಟರೆ ಮತ್ತೆ ಯಾವ ಮಷಿನ್ ಏನೆನ್ನುತ್ತದೋ, ಯಾವ ಬಾಗಿಲು ಮುಚ್ಚುತ್ತದೋ. ಅವಳ ಹೆದರಿಕೆ ಈಗ ನನಗೆ ಹತ್ತಿದೆ. ಮೊನ್ನೆ ಕಾಕಾನನ್ನು ಡಯಾಲಿಸಿಸ್‌ಗೆ ಕರೆದೊಯ್ದಾಗ ಕೌಂಟರಿನ ಹುಡುಗಿ ಕಾರ್ಡಿನ ಫೋಟೊ ನೋಡಿ ಕೇಳಿದಳು: "ಕಾಕಿ ಬಂದಿಲ್ಲೇನ್ರಿ? ಭಾಳ ದಿನ ಆತು, ಕಾಣಿಸೇ ಇಲ್ಲ."

ಕಾಕಾ ನನ್ನ ಮುಂಗೈ ಹಿಡಿದ.

"ಬಾಳೆಹಣ್ಣು ಮಾರ್ಲಾಕ ಹೋಗ್ಯಾಳ್ರಿ" ಎಂದೆ.