ದಾಸವಾಳದ ಗಿಡದಲ್ಲಿ ಅಕ್ಕನ ಕ್ಲಾಸು

"ಕೀಳ್ಬೇಡ!" ಎಂದು ಅಕ್ಕ ನನ್ನ ಮಣಿಕಟ್ಟು ಹಿಡಿದುಬಿಟ್ಟಳು. ಸರಸ್ವತಿಪುರಂನ ನಮ್ಮ ಕಾಂಪೌಂಡಿನಲ್ಲಿ ಪೂಜೆಗೆಂದು ದಾಸವಾಳಕ್ಕೆ ಕೈ ಚಾಚಿದ್ದೆ. ಜುವಾಲಜಿ ಲೆಕ್ಚರರ್ ಆಗಿದ್ದ ಅಕ್ಕ ಮರೆವಿನ ಕಾಯಿಲೆ ಬಂದಮೇಲೆ ಕಂಪ್ಲೀಟ್ ಸೈಲೆಂಟ್. ತಿಂಗಳುಗಳಿಂದ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ.

ಹೂವಿನ ಪಕ್ಕದ ಎಲೆಯಲ್ಲಿ, ಎಲೆಯಷ್ಟೇ ಹಸಿರು ಜೇಡವೊಂದು ಮೊಟ್ಟೆಚೀಲ ತಬ್ಬಿ ಕೂತಿತ್ತು.

"ಗ್ರೀನ್ ಲಿಂಕ್ಸ್ ಸ್ಪೈಡರ್. ಕಾಲಿನ ತುಂಬ ಮುಳ್ಳು ನೋಡ್ರಮ್ಮ. ಕಣ್ಣುಗಳ ಜೋಡಣೆ ಹೆಕ್ಸಗನ್. ಬೇಟೆಗೆ ಬಲೆ ಹೆಣೆಯಲ್ಲ, ಬೆಕ್ಕಿನ ಹಾಗೆ ಹಾರಿ ಹಿಡಿಯತ್ತೆ. ಮರಿ ಹೊರಗೆ ಬರೋವರೆಗೂ ತಾಯಿ ಜಾಗ ಬಿಡಲ್ಲ."

ಅದೇ ಹಳೆಯ ಕ್ಲಾಸ್‌ರೂಮ್ ವಾಯ್ಸ್! ಅಕ್ಕ ವಾಪಸ್ ಬಂದಳು ಅಂದುಕೊಂಡು, "ಅಕ್ಕಾ, ನಾನ್ಯಾರು ಹೇಳೇ?" ಎಂದೆ.

ಅವಳು ನನ್ನನ್ನು ಅಕ್ಕರೆಯಿಂದಲೇ ನೋಡಿದಳು. "ನೀನು ಯಾವ ಬ್ಯಾಚಮ್ಮ?"

"ಫಸ್ಟ್ ಇಯರ್, ಮೇಡಂ," ಎಂದೆ. ಇನ್ನೇನು ಹೇಳಲಿ?

ಜೇಡ ಇದ್ದಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಪಾಠ ನಡೆಯಿತು. ಮರಿಗಳು ಚೆದುರಿದ ಮೇಲೆ ತಾಯಿಜೇಡವೂ ಕಾಣಲಿಲ್ಲ, ಅಕ್ಕನ ಮಾತೂ ನಿಂತಿತು. ಈಗ ದೇವರಿಗೆ ಅಂಗಡಿಯ ಹೂವು. ಆ ಗಿಡದ ದಾಸವಾಳವನ್ನು ನಾನು ಕೀಳುವುದಿಲ್ಲ, ಇನ್ನೊಂದು ಜೇಡ ಬಂದೀತೇನೋ ಎಂದು ಎಲೆ ಮಗುಚಿ ನೋಡುತ್ತೇನೆ.